ಜಂಗ್ಲಿಸಾಬ ಕಳಿಸದ ಫೋಟೋ

೧೯೯೭ರಲ್ಲಿ, ಹನ್ನೆರಡು ವರ್ಷದ ಮಗಳು ಫರ್ಜಾನಾಳಿಗೆ, ಗಜೇಂದ್ರಗಡದ ಗಾದಿ ಅಂಗಡಿಯ ಜಂಗ್ಲಿಸಾಬ ನದಾಫ ಒಂದು ಮಾತು ಕೊಟ್ಟಿದ್ದ. "ನೀನಾಗಿ ಬಾಯಿ ಬಿಟ್ಟು ‘ಅಪ್ಪಾ, ಕಳಸು’ ಅನ್ನೂತನಾ ನಿನ್ನ ಫೋಟೋ ನಾ ಯಾರ ಮನಿಗೂ ಕಳಸೂದಿಲ್ಲ." ಮಾತನ್ನು ಅವನು ಸುಮ್ಮನೆ ಕೊಟ್ಟಿರಲಿಲ್ಲ. ತನ್ನಪ್ಪ ಹತ್ತಿ ಹಿಂಜುತ್ತಿದ್ದ ಹಳೆಯ ಬಿಲ್ಲನ್ನು ಗೂಟದಿಂದ ಇಳಿಸಿ, ಅದರ ತಂತಿಯ ಮೇಲೆ ಕೈಯಿಟ್ಟು ಕೊಟ್ಟಿದ್ದ. ತಂತಿ ‘ಟೊಂಯ್’ ಎಂದಿತ್ತು. ನದಾಫರ ಮನೆಯಲ್ಲಿ ಅದಕ್ಕಿಂತ ದೊಡ್ಡ ರಿಜಿಸ್ಟ್ರಿ ಇಲ್ಲ.

ಅಷ್ಟು ದೊಡ್ಡ ಆಣೆಗೆ ಕಾರಣ ಹಿರಿಯ ಮಗಳು ಇಷ್ರತಳ ಫೋಟೋ. ಆ ಸೀಮೆಯಲ್ಲಿ ಹುಡುಗಿಯ ಫೋಟೋ ಮನೆಯಿಂದ ಹೊರಟಿತೆಂದರೆ ಒಂದೇ ಅರ್ಥ. ವಾಪಸ್ ಬಂತೆಂದರೂ ಒಂದೇ ಅರ್ಥ. ಪ್ಲಾಸ್ಟಿಕ್ ಹೂಕುಂಡದ ಪಕ್ಕ ನಿಲ್ಲಿಸಿ ತೆಗೆಸಿದ ಇಷ್ರತಳ ಫೋಟೋ ಹನ್ನೊಂದು ತಿಂಗಳಲ್ಲಿ ಹನ್ನೊಂದು ಮನೆ ತಿರುಗಿತು. ಒಂದು ಮನೆಯಿಂದ ಎಣ್ಣೆ ಹೆಬ್ಬೆಟ್ಟಿನ ಗುರುತು ಹೊತ್ತು ಬಂತು, ಇನ್ನೊಂದು ಮನೆಯಿಂದ ಚಹಾ ಕಪ್ಪಿನ ಉಂಗುರ ತೊಟ್ಟು ಬಂತು, ಲಕ್ಕಲಕಟ್ಟಿಯಿಂದ ಬಾಲ್‌ಪೆನ್ನಿನ ಮೀಸೆ ಬಿಟ್ಟುಕೊಂಡು ಬಂತು. ಇಷ್ರತ ಪ್ರತಿ ಸಲವೂ ಅದನ್ನು ತಿರುವಿ, ಹಿಂದೆ ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು ನೋಡುತ್ತಿದ್ದಳು. ಏನೂ ಇರುತ್ತಿರಲಿಲ್ಲ. ಹನ್ನೊಂದನೆಯ ಮನೆಯವರು ಫೋಟೋ ಇಟ್ಟುಕೊಂಡರು, ಅವಳನ್ನೂ ಕರೆದುಕೊಂಡು ಹೋದರು, ಚೆನ್ನಾಗಿಯೇ ಇಟ್ಟುಕೊಂಡರು. ಆದರೆ ಅಕ್ಕ ಮೂಲೆಯಲ್ಲಿ ಕೂತು ಆ ಮೀಸೆಯನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದುದನ್ನು ತಂಗಿ ಫರ್ಜಾನಾ ನೋಡಿಬಿಟ್ಟಿದ್ದಳು.

ಏಳು ವರ್ಷ ಆ ಮಾತಿಗೆ ಯಾವ ಕಂಟಕವೂ ಬರಲಿಲ್ಲ. ಕಂಟಕ ಬಂದದ್ದು ಜಂಗ್ಲಿಸಾಬನಿಗೆ ಮುಂದುವರಿಯಬೇಕು ಎಂಬ ಆಸೆ ಹುಟ್ಟಿದ ಮೇಲೆ.

ಆಸೆ ಹುಟ್ಟಿಸಿದವನು ಅವನ ಹೆಂಡತಿ ಜುಲೇಖಾಳ ತಮ್ಮ ಮುಜಫ್ಫರ. ನರಗುಂದದಲ್ಲಿ ಅವನದೊಂದು ಕಂಪ್ಯೂಟರ್ ಸೆಂಟರ್. ಒಳಗೆ ನಾಲ್ಕು ಕಂಪ್ಯೂಟರು, ಹೊರಗೆ ನಲವತ್ತು ಚಪ್ಪಲಿ. ಕಂಪ್ಯೂಟರುಗಳಿಗೆ ಅವನು ಎತ್ತುಗಳಿಗೆ ಇಟ್ಟಂತೆ ಹೆಸರಿಟ್ಟಿದ್ದ: ನರಗುಂದ ಕಿಂಗ್ ಒಂದು, ನರಗುಂದ ಕಿಂಗ್ ಎರಡು, ಹೀಗೆ. ೨೦೦೩ರಲ್ಲಿ ನಾಲ್ಕನೆಯ ಕಿಂಗ್ ಮುಪ್ಪಿಗೆ ಬಂದಾಗ ಅದನ್ನು ಟಂಟಂ ಗಾಡಿಯಲ್ಲಿ ಹೇರಿ, ಹೊಸ ಗಾದಿಯೊಂದನ್ನು ಅಡಿಗೆ ಹಾಸಿ, ಗಜೇಂದ್ರಗಡದ ಅಕ್ಕನ ಮನೆಗೆ ತಂದಿಳಿಸಿದ.

"ಭಾವ, ಇನ್ನ ಮುಂದ ಧಂದೆ ಎಲ್ಲಾ ಇ-ಮೇಲ್‌ದಾಗ" ಎಂದ. ಗಿರಾಕಿಗಳು, ಸಾಲಿ ಮಾಸ್ತರರು, ರೋಣದ ಯಾವುದೋ ಕಚೇರಿ, ಹೀಗೆ ಜಂಗ್ಲಿಸಾಬನಿಗೆ ಪರಿಚಯ ಇದ್ದ, ಇಲ್ಲದ ಅರವತ್ಮೂರು ವಿಳಾಸಗಳನ್ನು ತನ್ನ ಸೆಂಟರಿನಲ್ಲೇ ಕೂತು ಬರೆದುಕೊಂಡಿದ್ದ. ಒಂದು ಪ್ರತಿ ತನ್ನಲ್ಲಿ, ಒಂದು ಪ್ರತಿ ಭಾವನ ಕಂಪ್ಯೂಟರಿನಲ್ಲಿ.

ಜಂಗ್ಲಿಸಾಬ ಮಾಡಿದ ಮೊದಲ ಕೆಲಸವೆಂದರೆ ಅಂಗಡಿಯ ಬೋರ್ಡು ಹೊಸದಾಗಿ ಬರೆಸಿದ್ದು. ‘ನದಾಫ ಗಾದಿ ಭಂಡಾರ. ಗಾದಿ, ದಿಂಬು, ಇ-ಮೇಲ್.’ ಮರುದಿನವೇ ಒಬ್ಬ ಮುದುಕಿ ಬಂದು, ಗಾದಿ ಬ್ಯಾಡ, ಇ-ಮೇಲ್ ಹ್ಯಾಂಗ ಕೊಡ್ತಿ, ಹತ್ತಿದೋ ಬೂರುಗದ್ದೋ ಎಂದು ಕೇಳಿದಳು. ಬೋರ್ಡು ಬರೆಸಿದ್ದಷ್ಟೇ. ಒಂದು ವರ್ಷದಲ್ಲಿ ಜಂಗ್ಲಿಸಾಬ ಒಬ್ಬರಿಗೂ ಒಂದು ಇ-ಮೇಲ್ ಕಳಿಸಲಿಲ್ಲ. ಕಳಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಕಂಪ್ಯೂಟರು ಬಿ.ಕಾಂ. ಎರಡನೇ ವರ್ಷದ ಫರ್ಜಾನಾಳ ಓದಿಗೆ ಆಯಿತು. ಜಂಗ್ಲಿಸಾಬ ದಿನಾ ಸಂಜೆ ಅದರ ಮೇಲಿನ ಹತ್ತಿಯ ತುಪ್ಪಳ ಝಾಡಿಸಿ, ಹೊಸ ದಿಂಬಿನ ಚೀಲ ಹೊದಿಸುತ್ತಿದ್ದ. ಕಂಪ್ಯೂಟರಿಗೆ ಇದಕ್ಕಿಂತ ಹೆಚ್ಚಿನ ಸೇವೆಯನ್ನು ಒಬ್ಬ ತಂದೆ ಮಾಡಲಾರ.

೨೦೦೪ರ ಫೆಬ್ರುವರಿಯಲ್ಲಿ, ಮದುವೆಗಳು ಶುರುವಾಗಿ ಗಾದಿಗೆ ಗಿರಾಕಿ ಏರಿದ್ದ ಒಂದು ಶುಕ್ರವಾರ, ಮನೆಯ ಫೋನು ಗಂಟೆ ಬಾರಿಸಿತು.

"ಗಾದಿ ಜಂಗ್ಲಿಸಾಬರ ಮನೀ ಏನ್ರಿ? ನಾ ನರೇಗಲ್ಲದಾಕಿ, ರಮಜಾನಬಿ. ಸಾಲಿ ಮಾಸ್ತರ ಜಾಕೀರನ ಅವ್ವ."

"ಹೇಳ್ರಿ ಅವ್ವಾರ. ಸಿಂಗಲ್ಲೋ, ಡಬಲ್ಲೋ?"

"ಗಾದಿ ಆಮ್ಯಾಲ ನೋಡೂಣು. ಫೋಟೋ ಬಂತ್ರಿ."

"ಯಾವ ಫೋಟೋ?"

"ನೀವು ಕಳಸಿದ್ದು! ನಿಮ್ಮ ಹೆಸರಿಲೆ ಬಂದೈತಿ, ಕಂಪ್ಯೂಟರದಾಗ. ‘ಫೋಟೋ ಇದರ ಜೋಡಿ ಐತಿ, ನೋಡಿ ಲಗೂನ ಉತ್ತರ ಬರೀರಿ’ ಅಂತ ಇಂಗ್ಲಿಷಿನ್ಯಾಗ ಐತೆಂತ. ನಮ್ಮ ಜಾಕೀರ ಒತ್ತೇ ಒತ್ತಿದ, ತೆರಿಯವಲ್ದು. ನಾ ಅಂದೆ, ಲೇ ಸಾಕ ಮಾಡು, ಮರ್ಯಾದಸ್ತರ ಮನಿ ಹುಡುಗಿ, ಆಕಿ ಫೋಟೋನೂ ಪರದಾ ಹಾಕ್ಕೊಂಡೈತಿ! ಇಂಥಾ ಮನೆತನ ಈ ಕಾಲದಾಗ ಎಲ್ಲೆ ಸಿಗತಾವು? ಮುಂದಿನ ಆಯ್ತವಾರಲ್ಲ, ಅದರ ಮುಂದಿನ ಆಯ್ತವಾರ ಬರ್ತೀವ್ರಿ. ಭಾಳ ಏನೂ ಮಾಡಬ್ಯಾಡ್ರಿ, ಬರೇ ಚಾ."

ಜಂಗ್ಲಿಸಾಬ ‘ಅಲ್ರಿ’ ಎನ್ನುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು. ಈ ಕಡೆ ಅವನು ರಿಸೀವರಿಗೆ ‘ಅಲ್ರಿ, ಅಲ್ರಿ’ ಎನ್ನುತ್ತಲೇ ಇದ್ದ. ತಿರುಗಿದರೆ ಬಾಗಿಲಲ್ಲಿ ಫರ್ಜಾನಾ.

"ಯಾವ ಫೋಟೋ ಅಪ್ಪಾ?"

"ನಾ ಕಳಸಿಲ್ಲವ್ವಾ."

"ಮತ್ತ ಯಾರ ಹೆಸರಿಲೆ ಹೋಗೈತಿ?"

"ನನ್ನ ಹೆಸರಿಲೆ ಹೋಗೈತೆಂತ. ಆದ್ರ ನಾ ಕಳಸಿಲ್ಲ."

ಈ ಉತ್ತರ ನೂರಕ್ಕೆ ನೂರು ಖರೆ. ಅದನ್ನು ಕೇಳಿದ ಯಾರೂ ನಂಬಲಾರರು ಎಂಬುದೂ ಅಷ್ಟೇ ಖರೆ.

ಮರುದಿನ ರೋಣದಿಂದ ಟೈರ್ ಅಂಗಡಿಯ ಮೌಲಾಸಾಬನ ಫೋನು. ಅವನಿಗೂ ಫೋಟೋ ಹೋಗಿದೆ, ಅವನಿಗೂ ತೆರೆದಿಲ್ಲ, ಅವನಿಗೂ ಲಗ್ನಕ್ಕೆ ಬಂದ ಮಗ ಇದ್ದಾನೆ, ಅವನೂ ಅದೇ ಭಾನುವಾರ ಬರುತ್ತಾನೆ. ಸಂಜೆಯೊಳಗೆ ಇನ್ನಷ್ಟು ಫೋನು ಬಂದು ಎಲ್ಲರಿಗೂ ಗೊತ್ತಾಯಿತು: ಅರವತ್ಮೂರು ವಿಳಾಸಕ್ಕೂ ಜಂಗ್ಲಿಸಾಬನ ಹೆಸರಲ್ಲಿ ಫೋಟೋ ಹೊರಟಿದೆ. ಇಷ್ರತಳ ಫೋಟೋ ಹನ್ನೊಂದು ಮನೆ ತಿರುಗಲು ಹನ್ನೊಂದು ತಿಂಗಳು ತೆಗೆದುಕೊಂಡಿತ್ತು. ಫರ್ಜಾನಾಳದು ಒಂದೇ ಗುಕ್ಕಿಗೆ ಅರವತ್ಮೂರು.

ಫರ್ಜಾನಾ ಅಳಲಿಲ್ಲ, ಕೂಗಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಳು, ಅಷ್ಟೇ. ದಿನಾ ಸಂಜೆ ಅಪ್ಪ ಅಂಗಡಿಯಿಂದ ಬಂದ ಮೇಲೆ ಅವನ ಗಡ್ಡದಲ್ಲಿ ಸಿಕ್ಕ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸಿ ತೆಗೆಯುವುದು ಅವಳ ಚಿಕ್ಕಂದಿನ ಕೆಲಸ, ಅದನ್ನೂ ಬಿಟ್ಟಳು. ಜಂಗ್ಲಿಸಾಬ ಅದನ್ನು ತಾನೇ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಮೂರನೆಯ ದಿನಕ್ಕೆ ಅವನ ಕರೀ ಗಡ್ಡ ಬೆಳ್ಳಗಾಗಿ, ಮಸೀದಿಯ ಮುಂದೆ ಹೊಸಬನೊಬ್ಬ ಅವನಿಗೆ ‘ಅಜ್ಜಾರ’ ಎಂದು ದಾರಿ ಬಿಟ್ಟ.

ಇತ್ತ ಜುಲೇಖಾಳ ಸಂತೋಷಕ್ಕೆ ಮಿತಿ ಇರಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಗಂಡನನ್ನು ಅವಳು ಹೊಗಳಿದ್ದು ಇದೇ ಮೊದಲು.

"ಇಷ್ಟ ಶಾಣ್ಯಾತನ ಎಲ್ಲೆ ಮುಚ್ಚಿಟ್ಟಿದ್ರಿ? ಒಂದ ಏಟಿಗೆ ಅರವತ್ಮೂರು ಮನಿ!"

"ನಾ ಕಳಸಿಲ್ಲಲೇ."

"ಹಾಂ, ಹಾಂ. ಮಗಳ ಮುಂದ ಹಂಗ ಹೇಳ್ರಿ. ನನ್ನ ಮುಂದ ಯಾಕ?"

ಮಾಡದ ಕೆಲಸಕ್ಕೆ ಹೊಗಳಿಕೆ, ಮಾಡದ ಕೆಲಸಕ್ಕೆ ಶಿಕ್ಷೆ. ಎರಡೂ ಒಂದೇ ಮನೆಯಲ್ಲಿ, ಒಂದೇ ಊಟದ ಹೊತ್ತಿನಲ್ಲಿ. ಜಂಗ್ಲಿಸಾಬ ನರಗುಂದಕ್ಕೆ ಫೋನು ಹಚ್ಚಿದ.

ಮುಜಫ್ಫರ ಮರುದಿನವೇ ಬಂದ. ಕಂಪ್ಯೂಟರಿನ ಮುಂದೆ ಕೂತು, ಕಣ್ಣು ಕಿರಿದು ಮಾಡಿ, ನಾಡಿ ಹಿಡಿದ ವೈದ್ಯನಂತೆ ತಲೆಯಾಡಿಸಿದ.

"ವೈರಸ್ ಭಾವ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಡದೈತಿ. ಅದ ನಿಮ್ಮ ಹೆಸರಿಲೆ ಕಳಸೈತಿ."

"ನೀ ಹೋದ ವರ್ಷ ಒಂದು ಕಾವಲಿನ ಸಾಫ್ಟವೇರ್ ಹಾಕಿದ್ದೆಲ್ಲೋ?"

"ಅದರ ಮೂವತ್ತು ದಿನ ಮುಗದಾವು. ಈಗ ಅದು ಬರೇ ಬೊಗಳತೈತಿ, ಕಡಿಯೂದಿಲ್ಲ." ಎಂದು ಎರಡನೆಯದೊಂದನ್ನು ಹಾಕಿದ. "ಇದು ಹುಲಿ" ಎಂದು ಹೇಳಿ ಬಸ್ಸು ಹಿಡಿದ.

ಜುಲೇಖಾ ಮಾತ್ರ ಈ ವೈರಸ್ಸಿನ ವಿಷಯ ಒಪ್ಪಲಿಲ್ಲ. ಜಡ್ಡು ಬಂದ ಕಂಪ್ಯೂಟರು ಮಲಗುತ್ತದೆ. ಅರವತ್ಮೂರು ಮನೆಗೆ ಸಂಬಂಧ ಕುದುರಿಸಲು ಹೋಗುತ್ತದೆಯೇ? ಆದರೂ ಇರಲಿ ಎಂದು ಒಂದು ಬೇವಿನ ತಪ್ಪಲು ಕಂಪ್ಯೂಟರಿನ ನೆತ್ತಿಯ ಮೇಲೆ ಇಟ್ಟಳು.

ಹುಲಿ ಒಂದೇ ಸಾಲದೆಂದು ಜಂಗ್ಲಿಸಾಬನಿಗೆ ಅನ್ನಿಸಿತು. ಗಾದಿಗೆ ಮೂರು ಸಲ ಹೊಲಿಗೆ ಹಾಕುವ ಮನುಷ್ಯ ಅವನು. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯೊಂದನ್ನು ತಂದು, ಕೇಳಿದ ಪ್ರಶ್ನೆಗೆಲ್ಲ ‘ಹೌದು’ ಒತ್ತುತ್ತ, ಮೂರನೆಯದನ್ನೂ ತಾನೇ ಹಾಕಿದ. ಅಲ್ಲಿಗೆ ಒಂದೇ ಮನೆಗೆ ಮೂವರು ಪಹರೆಯವರಾದರು. ಮೂವರಲ್ಲಿ ಒಬ್ಬರ ಗುರುತು ಒಬ್ಬರಿಗಿಲ್ಲ. ಎರಡನೆಯದು ಮೊದಲನೆಯದನ್ನು ಕಳ್ಳ ಎಂದಿತು. ಮೂರನೆಯದು ಎರಡನೆಯದನ್ನು ಹಿಡಿದು ಕೋಣೆಯಲ್ಲಿ ಕೂಡಿಹಾಕಿತು. ಮೊದಲನೆಯದು ಮೂವತ್ತು ದಿನ ಮುಗಿದವು, ನೀವು ಅಪಾಯದಲ್ಲಿದ್ದೀರಿ ಎಂದು ಎರಡು ನಿಮಿಷಕ್ಕೊಮ್ಮೆ ಕೆಂಪು ಚೌಕಟ್ಟಿನಲ್ಲಿ ಕಿರುಚಿತು. ಕಂಪ್ಯೂಟರು ಎಚ್ಚರಾಗಲು ನಲವತ್ತು ನಿಮಿಷ ಬೇಕಾಯಿತು. ಜುಲೇಖಾ ಗುಂಡಿ ಒತ್ತಿ ಹೋಗಿ, ಹದಿನೆಂಟು ರೊಟ್ಟಿ ಬಡಿದು ಬಂದರೂ ಅದು ಇನ್ನೂ ಆಕಳಿಸುತ್ತಿತ್ತು. ಎದ್ದ ಮೇಲೆ ಇ-ಮೇಲ್ ಮಾತ್ರ ತೆರೆಯಲಿಲ್ಲ. ಹೊರಗಿನಿಂದ ಒಂದು ಕಾಗದವೂ ಒಳಗೆ ಬಾರದಂತೆ ಮೂವರೂ ಬಾಗಿಲಿಗೆ ಅಡ್ಡ ನಿಂತು ಬಡಿದಾಡುತ್ತಿದ್ದರು.

ಬುಧವಾರ ರೋಣದ ಕಚೇರಿಯಿಂದ ಟಪಾಲು ಬಂತು. ‘ತಾವು ಮಿಂಚಂಚೆಯ ಮೂಲಕ ಸಲ್ಲಿಸಿದ ಭಾವಚಿತ್ರವು ನಿಗದಿತ ನಮೂನೆಯಲ್ಲಿ ಇರುವುದಿಲ್ಲ ಮತ್ತು ತೆರೆಯುವುದಿಲ್ಲ. ಯಾವ ಉದ್ದೇಶಕ್ಕಾಗಿ ಭಾವಚಿತ್ರ ಸಲ್ಲಿಸಿರುವಿರಿ ಎಂಬುದನ್ನು ಏಳು ದಿನದೊಳಗಾಗಿ ತಿಳಿಸತಕ್ಕದ್ದು. ಕಿವಿಗಳು ಕಾಣುವಂತಿರಬೇಕು.’ ಜಂಗ್ಲಿಸಾಬ ಅದನ್ನು ಎರಡು ಸಲ ಓದಿಸಿಕೊಂಡು, ಯಾರ ಕಿವಿ ಎಂದು ಯಾರನ್ನೂ ಕೇಳದೆ, ಮಡಚಿ ಗಾದಿಯ ಅಡಿಗಿಟ್ಟ.

ಶನಿವಾರ ಜುಲೇಖಾ ಗಂಡನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು.

"ಹೌದ್ರಿ, ನೀವು ಖರೇನ ಕಳಸಿಲ್ಲಂತ ತಿಳಕೊಳ್ಳೂಣು. ಜಾಕೀರ ಚಲೋ ಹುಡುಗ. ನೌಕರಿ ಐತಿ, ಬೀಡಿ ಇಲ್ಲ. ತಾನಾಗಿ ಹುಡುಕ್ಕೊಂಡು ಬಂದದ್ದನ್ನ ಒದೀತೀರೇನು? ನಾಳೆ ಸುಮ್ಮ ಕುಂದ್ರಿ. ಕಳಸೀನಿ ಅನಬ್ಯಾಡ್ರಿ, ಕಳಸಿಲ್ಲಂತನೂ ಅನಬ್ಯಾಡ್ರಿ. ಆಣಿ ಮುರಧಂಗೂ ಆಗೂದಿಲ್ಲ, ಕೆಲಸನೂ ಆಗತೈತಿ."

ಇದು ಬಹಳ ಗಟ್ಟಿಯಾದ ವಾದ. ಇದಕ್ಕೆ ಉತ್ತರ ಕೊಡಬಲ್ಲ ವಕೀಲ ಗದಗಿನ ಕೋರ್ಟಿನಲ್ಲೂ ಇರಲಿಕ್ಕಿಲ್ಲ. ಜಂಗ್ಲಿಸಾಬ ಅಂಗಡಿಗೆ ಹೋಗಿ, ಯಾರೂ ಹೇಳದ ಐದು ದಿಂಬು ತುಂಬಿದ.

ಭಾನುವಾರ ಹತ್ತು ಗಂಟೆಗೆ ರಮಜಾನಬಿ ಬಂದಳು. ಹಿಂದೆ ಮಗ ಜಾಕೀರ, ಕೈಯಲ್ಲಿ ಕರದಂಟಿನ ಡಬ್ಬಿ, ಮುಖದಲ್ಲಿ ತಪ್ಪು ಮಾಡದೆ ನಿಲ್ಲಿಸಲ್ಪಟ್ಟ ಹುಡುಗನ ಕಳೆ. ಹತ್ತೂವರೆಗೆ ಮೌಲಾಸಾಬ ಬಂದ, ಮಗನನ್ನು ಬಿಟ್ಟು, ಮಗನ ಫೋಟೋ ತಂದಿದ್ದ. ಎರಡೂ ಕಡೆಯವರನ್ನು ಎದುರಾಬದುರು ಹೊಸ ಗಾದಿಗಳ ಮೇಲೆ ಕೂಡಿಸಲಾಯಿತು. ಗಾದಿ ಎಷ್ಟು ಮೆತ್ತಗಿದ್ದವೆಂದರೆ ಇಬ್ಬರೂ ಮೊಳಕಾಲಿನವರೆಗೆ ಇಳಿದು, ಸಿಟ್ಟಿಗೇಳಬೇಕೆಂದರೂ ಏಳಲಾಗದ ಸ್ಥಿತಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು.

"ನಿಮಗೂ ಫೋಟೋ ಬಂತೇನು?" ರಮಜಾನಬಿ ಕೇಳಿದಳು.

"ಬಂತಲ್ಲ. ಶುಕ್ರವಾರ, ಹನ್ನೊಂದಕ್ಕ."

"ನಮಗ ಹತ್ತೂ ನಲವತ್ತಕ್ಕ" ಎಂದಳು ರಮಜಾನಬಿ, ಪಾಳಿಯಲ್ಲಿ ತಾನೇ ಮುಂದೆ ಎಂಬ ಗತ್ತಿನಲ್ಲಿ.

ಅಷ್ಟರಲ್ಲಿ ರಾಜೂರಿನ ರೈತ ನೀಲಪ್ಪ ತಲೆಯ ಪಟಗ ಸರಿಮಾಡಿಕೊಳ್ಳುತ್ತ ಒಳಗೆ ಬಂದ. ಮಗಳ ಲಗ್ನಕ್ಕೆ ಎರಡು ಗಾದಿ ಹೇಳಿದ್ದವನು.

"ಏ ಜಂಗ್ಲಿಸಾಬ, ನನ್ನ ಮಗ ದ್ಯಾಮೇಶಗ ನೀ ಫೋಟೋ ಕಳಸೀಯಂತ, ತೆರಿಯಲಿಲ್ಲಂತ. ಇರ್ಲಿ, ನಾನ ಬಂದೀನಿ, ಖುದ್ದ ನೋಡತೀನಿ. ಒಮ್ಮೆ ಒತ್ತಿ ನೋಡಿ, ಗಟ್ಟಿ ಐತೋ ಇಲ್ಲೋ ತಿಳಕೊಂಡ ಒಯ್ಯತೀನಿ."

ಮೌಲಾಸಾಬ ಗಾದಿಯಿಂದ ಏಳಲು ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಮುಳುಗಿದ. "ಯಾರನ್ನ ಒತ್ತಿ ನೋಡ್ತೀಯೋ?"

"ಗಾದೀನ್ನ! ಮತ್ತ್ಯಾರನ್ನ?" ಎಂದ ನೀಲಪ್ಪ.

ಜುಲೇಖಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಗಂಡನಿಗೆ ಹುಬ್ಬಿನಲ್ಲೇ ‘ಸುಮ್ಮ ಕುಂದ್ರಿ’ ಎಂದು ಹೇಳಿದಳು. ಗೋಡೆಯ ಆಚೆ ಫರ್ಜಾನಾ ಇದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಜಂಗ್ಲಿಸಾಬ ಎದ್ದು ನಿಂತ. ಗಡ್ಡದ ಹತ್ತಿ ಫ್ಯಾನಿನ ಗಾಳಿಗೆ ಹಾರುತ್ತಿತ್ತು.

"ಹಿರೇರು ಸಿಟ್ಟ ಆಗಬ್ಯಾಡ್ರಿ" ಎಂದ. "ನಾ ಯಾರಿಗೂ ಫೋಟೋ ಕಳಸಿಲ್ಲ. ಕಳಸೂದಿಲ್ಲಂತ ಮಗಳಿಗೆ ಆಣಿ ಮಾಡೀನಿ. ನನ್ನ ಹೆಸರು ಐತಿ, ಅದು ಖರೇ. ನಾ ಕಳಸಿಲ್ಲ, ಅದೂ ಖರೇ. ಎರಡೂ ಹ್ಯಾಂಗ ಖರೇ ಅಂತ ನನಗ ತಿಳಿವಲ್ದು. ಚಾ ತಗೋರಿ."

ಜುಲೇಖಾ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಮೌಲಾಸಾಬ ಜೇಬಿನಿಂದ ಒಂದು ಕಾಗದ ತೆಗೆದು ಬಿಡಿಸಿದ. ಇ-ಮೇಲ್ ಛಾಪಿಸಿಕೊಂಡು ಬಂದಿದ್ದ. "ಇಲ್ಲೆ ಏನೈತಿ? ಕಳಿಸಿದವರು, ಜಂಗ್ಲಿಸಾಬ ನದಾಫ. ಇದು ಯಾರ ಹೆಸರು? ನನ್ನ ಹೆಸರೇನು?"

"ಭಾವ, ನಾ ಹೇಳಿದ್ನೆಲ್ಲ, ವೈರಸ್" ಎಂದು ಮುಜಫ್ಫರ ನಡುವೆ ಬಾಯಿ ಹಾಕಿದ. ಅವನು ಸೋದರಮಾವನ ಹಕ್ಕಿನಲ್ಲಿ ಬೆಳಿಗ್ಗೆಯೇ ಬಂದು ಒಳ್ಳೆಯ ಗಾದಿ ಹಿಡಿದಿದ್ದ. "ತಪ್ಪು ಭಾವಂದಲ್ಲ. ಆದ್ರ ಕಳಸಿದ್ದು ಈ ಮನಿ ಕಂಪ್ಯೂಟರ. ಮನಿ ಕಂಪ್ಯೂಟರ ಕಳಸಿದ್ರ ಮನಿ ಯಜಮಾನ ಕಳಸಿಧಂಗನ."

ಆಗ ಮೂಲೆಯಲ್ಲಿ ಯಾರೋ ಕೆಮ್ಮಿದರು. ಪಕ್ಕದ ಮನೆಯ ಹಾಲಸಿದ್ದಪ್ಪ, ಮೂವತ್ತೆಂಟು ವರ್ಷ ಟಪಾಲು ಹಂಚಿ ನಿವೃತ್ತನಾದವನು. ಯಾರೂ ಕರೆದಿರಲಿಲ್ಲ, ಓಣಿಯಲ್ಲಿ ಎಲ್ಲಿ ಕಾಗದದ ಮಾತು ಬಂದರೂ ಅವನು ಬರುತ್ತಿದ್ದ.

"ಆ ಕಾಗದ ಇಲ್ಲೆ ಕೊಡ್ರಿ" ಎಂದ. ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದ. "ಠಸ್ಸೆ ಎಲ್ಲೈತಿ?"

"ಯಾವ ಠಸ್ಸೆ?"

"ಅಂಚೆ ಠಸ್ಸೆ! ಕಳಿಸಿದವರು ಅಂತ ಲಕೋಟಿ ಮ್ಯಾಲ ಯಾರ ಹೆಸರು ಬೇಕಾದ್ರೂ ಬರೀಬಹುದ್ರಿ. ನಾಳೆ ನಾ ಮೌಲಾಸಾಬನ ಹೆಸರಿಲೆ ಡಿ.ಸಿ. ಸಾಹೇಬ್ರಿಗೆ ಬೈದು ಬರದ್ರ? ಕಾರ್ಡು ಹೋಗತೈತಿ, ತಡಿಯೂದಿಲ್ಲ. ಹೆಸರು ಸುಳ್ಳ ಹೇಳತೈತಿ. ಠಸ್ಸೆ ಸುಳ್ಳ ಹೇಳೂದಿಲ್ಲ. ಯಾವ ಊರ ಡಬ್ಬಿಗೆ ಬಿದ್ದೈತಿ, ಯಾವ ತಾಸಿಗೆ ಬಿದ್ದೈತಿ, ಠಸ್ಸೆದಾಗ ಇರತೈತಿ."

"ಅಜ್ಜಾರ, ಇದು ಕಂಪ್ಯೂಟರ" ಎಂದು ಮುಜಫ್ಫರ ನಕ್ಕ.

"ಕಂಪ್ಯೂಟರ ಆದ್ರೇನು, ಕಾಗದ ಹಾರಿ ಹೋಗತೈತೇನು? ಯಾರೋ ಒಬ್ಬಾಂವ ಒಯ್ದ ಮುಟ್ಟಸಬೇಕಲ್ಲ. ಮುಟ್ಟಸಾಂವ ಬರದ ಇಟ್ಟಿರತಾನ. ಅದು ನಮ್ಮ ಖಾತೆ ನೇಮ." ಹಾಲಸಿದ್ದಪ್ಪ ಜಂಗ್ಲಿಸಾಬನ ಕಡೆ ತಿರುಗಿದ. "ಅರವತ್ಮೂರು ಹೋಗಾವಲ್ಲ? ಅದರಾಗ ವಿಳಾಸ ತಪ್ಪಿದ್ದು, ಮನಿ ಬಿಟ್ಟವರದ್ದು, ನಾಕೈದು ಇದ್ದ ಇರತಾವ. ಅವು ಕಳಿಸಿದವರ ಹೆಸರಿಗೆ ವಾಪಸ್ ಬರಬೇಕು. ಎಲ್ಲೆ ಅದಾವ ವಾಪಸ್ ಬಂದ ಲಕೋಟಿ?"

"ಒಂದೂ ಬಂದಿಲ್ಲ" ಎಂದ ಜಂಗ್ಲಿಸಾಬ. "ಒಂಬತ್ತು ದಿನದಿಂದ ಇ-ಮೇಲ್ ಯಾರೂ ತೆರದು ನೋಡಿಲ್ಲ, ಈಗ ತೆರಿಯವಲ್ದು. ಒಳಗ ಮೂವರು ಬಡದಾಡಾಕತ್ತಾರ."

ಪರದೆ ಸರಿಯಿತು. ಫರ್ಜಾನಾ ಹೊರಗೆ ಬಂದಳು. ಹೊಸ ಸೀರೆ ಇಲ್ಲ, ಚಹಾದ ತಟ್ಟೆ ಇಲ್ಲ. ಮನೆಯಲ್ಲುಡುವ ಚೂಡಿದಾರ, ಜಡೆಗೆ ಸಿಕ್ಕಿಸಿದ ಪೆನ್ಸಿಲು. ಯಾರ ಕಡೆಗೂ ನೋಡದೆ ನೇರ ಹೋಗಿ ಕಂಪ್ಯೂಟರಿನ ಮುಂದೆ ಕೂತು, ದಿಂಬಿನ ಚೀಲ ತೆಗೆದು, ಬೇವಿನ ತಪ್ಪಲು ಪಕ್ಕಕ್ಕಿಟ್ಟು, ಗುಂಡಿ ಒತ್ತಿದಳು.

ಗಜೇಂದ್ರಗಡದ ಇತಿಹಾಸದಲ್ಲಿ ಇಂಥ ಹುಡುಗಿ ನೋಡುವ ಶಾಸ್ತ್ರ ಹಿಂದೆ ನಡೆದಿರಲಿಕ್ಕಿಲ್ಲ, ಮುಂದೆ ನಡೆಯಲಿಕ್ಕಿಲ್ಲ. ಎರಡು ಊರಿನ ಬೀಗರು, ಒಬ್ಬ ಗಾದಿಯ ಗಿರಾಕಿ, ಒಬ್ಬ ನಿವೃತ್ತ ಪೋಸ್ಟ್‌ಮನ್, ಎಲ್ಲರೂ ಒಂದು ತಾಸು ಹುಡುಗಿಯ ಬೆನ್ನು ನೋಡುತ್ತ ಕೂತರು. ಕಂಪ್ಯೂಟರು ಎಚ್ಚರಾಗುವ ಹೊತ್ತಿಗೆ ಎರಡು ಸಲ ಚಹಾ ಆಯಿತು. ಫರ್ಜಾನಾ ಮೊದಲನೆಯ ಪಹರೆಯವನನ್ನು ತೆಗೆದಳು. ಅದು ‘ಖಂಡಿತವಾಗಿಯೂ ತೆಗೆಯಬೇಕೇ?’ ಎಂದು ಕೇಳಿತು. ‘ಹೌದು.’ ‘ನೀವು ಅಪಾಯದಲ್ಲಿದ್ದೀರಿ’ ಎಂದಿತು. "ಗೊತ್ತೈತಿ" ಎಂದು ಫರ್ಜಾನಾ ಬಾಯಿಂದಲೇ ಹೇಳಿದಳು. ಮೂರನೆಯದನ್ನೂ ತೆಗೆದಳು. ಎರಡನೆಯದನ್ನು ಕೋಣೆಯಿಂದ ಬಿಡಿಸಿ, ಒಂದೇ ಸಾಕೆಂದು ಉಳಿಸಿದಳು.

"ಏನ ಮಾಡಾಕತ್ತಾಳ?" ರಮಜಾನಬಿ ಮಗನನ್ನು ಕೇಳಿದಳು.

"ಕಾವಲು ತಗದಳು" ಎಂದ ಜಾಕೀರ. ಅಂದು ಅವನು ಬಾಯಿ ಬಿಟ್ಟದ್ದು ಅದೇ ಮೊದಲು. "ನಮ್ಮ ಸಾಲ್ಯಾಗ ಯಾರಿಗೂ ಬರೂದಿಲ್ಲ."

ಫೋನಿನ ತಂತಿ ಕೀರಲು ದನಿಯಲ್ಲಿ ಕೂಗಿತು. ಇ-ಮೇಲ್ ತೆರೆಯಿತು. ಒಂಬತ್ತು ದಿನ ಹೊರಗೆ ನಿಂತಿದ್ದ ಕಾಗದಗಳು ಒಂದರ ಬೆನ್ನಿಗೊಂದು ಒಳನುಗ್ಗಿದವು. ಅವುಗಳಲ್ಲಿ ಏಳರ ಮೇಲೆ ಒಂದೇ ಮಾತು: ತಮ್ಮ ಪತ್ರವನ್ನು ಮುಟ್ಟಿಸಲಾಗಲಿಲ್ಲ.

"ವಾಪಸ್ ಬಂದಾವ!" ಹಾಲಸಿದ್ದಪ್ಪ ಎದ್ದೇಬಿಟ್ಟ, ತಾನೇ ಹಂಚಿದವೆಂಬಂತೆ. "ತೆಗಿ ತಂಗಿ. ಠಸ್ಸೆ ನೋಡು."

ವಾಪಸ್ ಬಂದ ಕಾಗದದ ಹೊಟ್ಟೆಯಲ್ಲಿ ಮೊದಲು ಹೊರಟ ಕಾಗದ ಇತ್ತು. ಕಳಿಸಿದವರು ಜಂಗ್ಲಿಸಾಬ ನದಾಫ ಎಂದೇ ಇತ್ತು. ಅದರ ಕೆಳಗೆ, ಯಾರೂ ಓದದ ಸಣ್ಣ ಅಕ್ಷರಗಳಲ್ಲಿ, ಅದು ಯಾವ ಕಂಪ್ಯೂಟರಿನಿಂದ ಹೊರಟಿತು, ಎಷ್ಟು ಹೊತ್ತಿಗೆ, ಯಾವ ದಾರಿ ಹಿಡಿದು ಎಂದು ಸಾಲುಗಟ್ಟಿ ಬರೆದಿತ್ತು. ಫರ್ಜಾನಾ ಬೆರಳಿಟ್ಟು ಓದುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

"ಅಪ್ಪಾ, ಇಲ್ಲೆ ಬಾ."

ಒಂಬತ್ತು ದಿನದ ಮೇಲೆ ಬಂದ ಮಾತು. ಜಂಗ್ಲಿಸಾಬ ನೀಲಪ್ಪನ ಕಾಲು ತುಳಿದು, ಚಹಾದ ಕಪ್ಪೊಂದನ್ನು ಉರುಳಿಸಿ ಹೋದ. ಅವನಿಗೆ ಇಂಗ್ಲಿಷು ಬಾರದು. ಆದರೂ ಮಗಳು ಬೆರಳಿಟ್ಟ ಕಡೆ ಬಗ್ಗಿ, ಎಲ್ಲವೂ ತಿಳಿದವನಂತೆ ನೋಡಿದ.

"ಇದು ನಮ್ಮ ಮನಿಯಿಂದ ಹೊಂಟಿಲ್ಲ" ಎಂದಳು ಫರ್ಜಾನಾ, ಎಲ್ಲರಿಗೂ ಕೇಳುವಂತೆ. "ಹೊಂಟ ಕಂಪ್ಯೂಟರಿನ ಹೆಸರು ನರಗುಂದ ಕಿಂಗ್ ಮೂರು. ನಮ್ಮದು ನಾಕು."

ಕೋಣೆಯಲ್ಲಿದ್ದ ಅಷ್ಟೂ ಕಣ್ಣುಗಳು ಮುಜಫ್ಫರನ ಗಾದಿಯ ಕಡೆ ತಿರುಗಿದವು. ಅವನು ಗಾದಿಯಲ್ಲಿ ಇನ್ನಷ್ಟು ಇಳಿದ.

"ಮಾವಾ" ಎಂದಳು ಫರ್ಜಾನಾ, "ನಿಮ್ಮ ಮೂರನೇ ಕಿಂಗ್‌ದಾಗ ಏನಾರ ಒತ್ತಿದ್ರೇನು?"

"ಏ, ಏನಿಲ್ಲ... ಒಂದು ಇ-ಮೇಲ್ ಬಂದಿತ್ತು. ಫೋಟೋ ಐತಿ, ನೋಡ್ರಿ ಅಂತ."

"ಯಾರ ಫೋಟೋ?" ಜುಲೇಖಾ ಕೇಳಿದಳು. ತಮ್ಮನನ್ನು ಅವಳು ಆ ದನಿಯಲ್ಲಿ ಮಾತಾಡಿಸಿ ಇಪ್ಪತ್ತು ವರ್ಷವಾಗಿತ್ತು.

"ಯಾವಾಕಿನೋ ಅಕ್ಕಾ. ಚಂದ ಹುಡುಗಿ ಅಂತ ಬರದಿತ್ತು. ಒತ್ತಿದೆ. ತೆರಿಲಿಲ್ಲ."

"ಎಷ್ಟು ಸಲ ಒತ್ತಿದಿ?"

ಮುಜಫ್ಫರ ಸೂರು ನೋಡಿದ. "ಹದಿನಾರ ಸಲ."

ನೀಲಪ್ಪ ಪಟಗದ ತುದಿ ಬಾಯಿಗೆ ತುರುಕಿಕೊಂಡು ನಕ್ಕ. ಮೌಲಾಸಾಬ ತನ್ನ ಮಗನ ಫೋಟೋವನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಹೊತ್ತಾಯಿತು, ಟೈರು ಬರುವುದಿದೆ ಎಂದು, ಇಬ್ಬರ ಕೈ ಹಿಡಿದು ಗಾದಿಯಿಂದ ಮೇಲೆ ಬಂದು ಹೊರಟ. ಜಾಕೀರನ ಮುಖ ಮಾತ್ರ ಕಪ್ಪಿಟ್ಟಿತು.

"ನಾನೂ ಭಾಳ ಸಲ ಒತ್ತೀನ್ರಿ" ಎಂದ, ಕೋರ್ಟಿನಲ್ಲಿ ನಿಂತವನಂತೆ. "ಸಾಲಿ ಕಂಪ್ಯೂಟರದಾಗ."

"ಅದು ಫೋಟೋನ ಅಲ್ರಿ, ವೈರಸ್; ಒತ್ತಿದ್ರ, ಆ ಕಂಪ್ಯೂಟರದಾಗ ಸಿಕ್ಕ ಯಾವುದಾರ ಹೆಸರು ಹಚ್ಚಿಕೊಂಡು, ಅದರಾಗಿನ ವಿಳಾಸಕ್ಕೆಲ್ಲ ತಾನ ಹೋಗತೈತಿ. ಹಂಗಾರ ಸಾಲೀದಕ್ಕೂ ಬಡದಿರತೈತಿ" ಎಂದಳು ಫರ್ಜಾನಾ. "ಈಗ ಅದೂ ಯಾರ್ಯಾರದೋ ಹೆಸರಿಲೆ ಯಾರ್ಯಾರಿಗೋ ಫೋಟೋ ಕಳಸಾಕತ್ತಿರಬೇಕು. ತಂತಿ ಕಿತ್ತಿಡ್ರಿ ಮೊದಲ."

"ಯಾ ಅಲ್ಲಾ, ಹೆಡ್‌ಮಾಸ್ತರ ಹೆಸರಿಲೇನಾರ ಹೋದ್ರ!" ಎಂದಳು ರಮಜಾನಬಿ. ಮಗ ಬಸ್ಸಿನ ವೇಳೆ ನೋಡಲು ಆಗಲೇ ಓಡಿದ್ದ.

ರಮಜಾನಬಿ ಉಳಿದಳು. ಕೊನೆಯ ಗುಟುಕು ಚಹಾ ಕುಡಿದು, ಕರದಂಟಿನ ಡಬ್ಬಿಯನ್ನು ಜುಲೇಖಾಳ ಕೈಗೆ ಕೊಟ್ಟು, ಫರ್ಜಾನಾಳ ತಲೆಯ ಮೇಲೆ ಕೈಯಿಟ್ಟಳು. "ತಾಸಗಟ್ಲೆ ಬೆನ್ನ ನೋಡೀನವ್ವಾ. ಕೆಲಸ ಬಲ್ಲ ಬೆನ್ನು" ಎಂದಳು. ಆಮೇಲೆ ಜಂಗ್ಲಿಸಾಬನನ್ನು ಕಟ್ಟೆಯವರೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದಳು.

"ಸುಳ್ಳ ಫೋಟೋ ಹೋತು ಬಿಡ್ರಿ. ಈಗ ಒಂದು ಖರೇ ಫೋಟೋ ಕೊಡ್ರಿ. ಯಾರಿಗೂ ತೋರ್ಸೂದಿಲ್ಲ, ಜಾಕೀರಗೂ ತೋರ್ಸೂದಿಲ್ಲ. ಆಕಿ ಓದು ಮುಗಿಯೂತನಾ ನನ್ನ ಪೆಟ್ಟಿಗಿಯೊಳಗ ಇರ್ಲಿ. ವಾಪಸ್ ಕಳಸೂ ಮಾತ ಇಲ್ಲ."

ಜಂಗ್ಲಿಸಾಬನ ಅಂಗಿಯ ಜೇಬಿನಲ್ಲಿ ಆಗ ಫರ್ಜಾನಾಳ ಮೂರು ಫೋಟೋ ಇದ್ದವು. ಪರೀಕ್ಷೆಯ ಅರ್ಜಿಗೆ ಹಚ್ಚಲು ಸ್ಟುಡಿಯೋದಿಂದ ನಿನ್ನೆಯೇ ತಂದದ್ದು. ಅರ್ಜಿಗೆ ಎರಡು ಸಾಕು. ಅವನ ಕೈ ಜೇಬಿನವರೆಗೆ ಹೋಯಿತು. ಒಳಗೆ ಜುಲೇಖಾ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು. ಕೈ ಜೇಬಿನ ಮೇಲೆ ಸ್ವಲ್ಪ ಹೊತ್ತು ಕೂತಿತು. ಆಮೇಲೆ ಅಲ್ಲಿಂದ ಎದ್ದು ಮಗ್ಗುಲಿನ ಅಂಗಡಿಯ ಬಾಗಿಲು ತೆರೆಯಿತು.

"ಎರಡು ದಿಂಬು ಕೊಡ್ತೀನ್ರಿ ಅವ್ವಾರ" ಎಂದ ಜಂಗ್ಲಿಸಾಬ. "ಒಳ್ಳೆ ಹತ್ತಿದು, ನಿನ್ನೆ ತುಂಬೀನಿ. ಇನ್ನೊಂದ ಬೇಕಂದ್ರ ಮೂರು ತಗೋರಿ. ಫೋಟೋ ಕೊಡೂದಿಲ್ಲ. ಅದು ಆಕಿ ಹೇಳಬೇಕು."

ರಮಜಾನಬಿ ಅವನ ಮುಖ ನೋಡಿದಳು, ದಿಂಬು ನೋಡಿದಳು. ಒಂದನ್ನು ಒತ್ತಿ ನೋಡಿದಳು. ಎರಡು ಸಾಕೆಂದು, ಕಂಕುಳಿಗೊಂದು ಇಟ್ಟುಕೊಂಡು ನರೇಗಲ್ಲಿನ ಬಸ್ಸು ಹತ್ತಿದಳು.

ಪರೀಕ್ಷೆಯ ಅರ್ಜಿಗೆ ಹೋದವನ್ನು ಬಿಟ್ಟರೆ, ಫರ್ಜಾನಾ ಬಿ.ಕಾಂ. ಮುಗಿಸಿ ನೌಕರಿಗೆ ಸೇರಿ ತಾನಾಗಿ ಬಾಯಿ ಬಿಟ್ಟು ಹೇಳುವವರೆಗೆ, ಮುಂದಿನ ಮೂರು ವರ್ಷ, ಅವಳ ಒಂದು ಫೋಟೋವೂ ಆ ಮನೆಯಿಂದ ಹೊರಗೆ ಹೋಗಲಿಲ್ಲ. ಜಂಗ್ಲಿಸಾಬ ಕೊಟ್ಟ ಮಾತು ಉಳಿಸಿಕೊಂಡ.